ಸುರಪುರದ ಹಾದಿಯಲ್ಲಿ ಒಬ್ಬ ಚಿತ್ರರಸಿಕ

ಯಾದಗಿರಿಗೆ ಬಂದ ಪ್ರವಾಸಿಯು ಕೋಟೆಯ ಬೆಟ್ಟವನ್ನು ಕಾಣದೆ ಹೋಗಲಾರನು. ಬೇಸಿಗೆಯ ಬೆಳಗಿನಲ್ಲಿ ಆ ಬಂಡೆಗಳಿಗೆ ಬಣ್ಣವೆಂಬುದೇ ಇಲ್ಲ. ಬಿಸಿಲು ಬಿದ್ದೆಡೆ ಬಿಳುಪು, ನೆರಳು ನಿಂತೆಡೆ ಕಪ್ಪು, ಇವೆರಡರ ನಡುವೆ ಬೂದಿಯ ನೂರಾರು ಛಾಯೆಗಳು.

“ನೋಡು ತಮ್ಮಾ, ದೇವರು ಈ ಗುಡ್ಡಾನ ಹಳೇ ಸಿನೆಮಾದಂಗ ತೆಗದಾನ” ಎಂದು ಮುದುಕರು ಮೊಮ್ಮಗನಿಗೆ ತೋರಿಸಿದರು. ಅವರು ಕನ್ನಡ ಕಲಿಸಿ ನಿವೃತ್ತರಾದ ಶಿಕ್ಷಕರು. ವಯಸ್ಸು ಎಪ್ಪತ್ತನ್ನು ದಾಟಿದೆ. ಮೊಮ್ಮಗನು ಮರುವಾರ ಬೆಂಗಳೂರಿಗೆ ನೌಕರಿಗೆ ಹೊರಡುವವನು. ಅದಕ್ಕೆ ಮುಂಚೆ ಅವನಿಗೆ ಸುರಪುರದಲ್ಲಿ ತಾವು ಮೊದಲ ಸಿನೆಮಾ ನೋಡಿದ ಬಯಲನ್ನು ತೋರಿಸಬೇಕೆಂಬುದು ಅವರ ಹಟ.

ಬಸ್ಸು ಭೀಮೆಯ ಸೇತುವೆಯನ್ನು ದಾಟಿ ಶಹಾಪುರದ ಕಡೆಗೆ ಓಡಿತು. ಹಳೆಯ ಚಿತ್ರಗಳ ವಿಷಯದಲ್ಲಿ ಮುದುಕರ ಅಭಿಪ್ರಾಯಗಳು ಆ ಕೋಟೆಯ ಗೋಡೆಯಷ್ಟೇ ಗಟ್ಟಿ. ಹಳೆಯ ಚಿತ್ರವನ್ನು ಅವಸರದಲ್ಲಿ ನೋಡಬಾರದು. ಹಾಡು ಬಂದಾಗ ಮುಂದಕ್ಕೆ ಓಡಿಸಬಾರದು. ಕಥೆಯು ಉಸಿರಾಡುವುದೇ ಅಲ್ಲಿ. ಒಬ್ಬಂಟಿಯಾಗಿ ನೋಡಬಾರದು, ಪಕ್ಕದವನ ಬಿಕ್ಕಳಿಕೆ ಕೇಳಿದಾಗಲೇ ನಮ್ಮ ಕಣ್ಣೀರಿಗೆ ಧೈರ್ಯ ಬರುವುದು. ಎಲ್ಲಕ್ಕೂ ಮಿಗಿಲಾಗಿ, ಕಪ್ಪು-ಬಿಳುಪಿನ ಚಿತ್ರಕ್ಕೆ ಬಣ್ಣ ಬಳಿಯಬಾರದು.

“ಬಣ್ಣ ಇಲ್ಲದ ಸಿನೆಮಾ ಮೂರು ತಾಸು ಹ್ಯಾಂಗ ನೋಡ್ತಿ ಮುತ್ಯಾ?” ಎಂದು ಹುಡುಗನು ಕೇಳಿದನು.

ಮುದುಕರು 1957ರ ತೆಲುಗಿನ ‘ಮಾಯಾಬಜಾರ್’ ಚಿತ್ರವನ್ನು ನೆನೆದರು. ಅದರ ದೋಣಿವಿಹಾರದಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಮೂಡಿಸಿದ ಬೆಳದಿಂಗಳಿಗೆ ಯಾವ ಬಣ್ಣದ ಹಂಗಿತ್ತು? 2010ರಲ್ಲಿ ಅದಕ್ಕೂ ಬಣ್ಣ ತುಂಬಿದರು. ಕನ್ನಡದ ‘ಸತ್ಯ ಹರಿಶ್ಚಂದ್ರ’ 1965ರದು. 2008ರಲ್ಲಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದಿತು. ರಾಜ್ಯ ಕಳೆದುಕೊಂಡು ಸುಡುಗಾಡು ಕಾಯುವ ದೊರೆಗೆ ಬಣ್ಣವೇಕೆ ಎಂಬುದು ಅವರ ಪ್ರಶ್ನೆ.

ಹುಡುಗನು ಸುಮ್ಮನಿರಲಿಲ್ಲ. “ಮೊಘಲ್-ಎ-ಆಜಮ್ ತೆಗೆದ ಆಸಿಫ್ ಸಾಹೇಬ್ರಿಗೇ ಬಣ್ಣದ ಆಸೆ ಇತ್ತಲ್ಲ ಮುತ್ಯಾ. ಶೀಶಮಹಲಿನ ಹಾಡು ಬಣ್ಣದಾಗ ತೆಗದ ಮ್ಯಾಲ ಇಡೀ ಸಿನೆಮಾನೇ ಮತ್ತ ಬಣ್ಣದಾಗ ತೆಗೀಬೇಕಂದಿದ್ರಂತ. ಹಂಚಿಕೆದಾರರು ಕಾಯಲಿಲ್ಲ. 2004ರಾಗ ಬಣ್ಣ ಹಾಕಿದ್ರು. ಅದನ್ನ ನೋಡಿದ ಮ್ಯಾಲೇ ನಾ ಹಳೇದನ್ನ ಹುಡುಕಿದೆ.”

ಮುದುಕರಿಗೆ ಕೂಡಲೇ ಉತ್ತರ ತೋಚಲಿಲ್ಲ. ಅಷ್ಟರಲ್ಲಿ ಶಹಾಪುರದ ಬೆಟ್ಟ ಕಾಣಿಸಿತು. ಬುದ್ಧನು ಮಲಗಿರುವಂತೆ ತೋರುವ ಈ ಬೆಟ್ಟಸಾಲು ಪ್ರಸಿದ್ಧವಾದದ್ದು. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಆಕಾಶದ ಅಂಚಿನಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ಬಸ್ಸು ಮುಂದೆ ಸರಿದು ನೋಟದ ಕೋನ ಬದಲಾದಂತೆ ಬುದ್ಧನು ಕರಗಿ ಬರಿಯ ಬಂಡೆಗಳಾದನು. “ಎಲ್ಲಿಂದ ನೋಡ್ತೀವಿ ಅನ್ನೂದರ ಮ್ಯಾಲೆ ಅದ ಎಲ್ಲಾ” ಎಂದರು ಮುದುಕರು. ಅದು ಬೆಟ್ಟವನ್ನು ಕುರಿತ ಮಾತೋ ಮೊಮ್ಮಗನ ವಾದಕ್ಕೆ ಕೊಟ್ಟ ಅರ್ಧ ಒಪ್ಪಿಗೆಯೋ ಹುಡುಗನಿಗೆ ತಿಳಿಯಲಿಲ್ಲ.

ಮುಂದೆ ಕಾಲುವೆಯ ನೀರು ಹರಿದ ಹೊಲಗಳು. ನಾರಾಯಣಪುರದ ಅಣೆಕಟ್ಟಿನಿಂದ ಕೃಷ್ಣೆಯ ನೀರು ಬಂದ ಮೇಲೆ ಜೋಳ, ತೊಗರಿಗಳ ನಾಡಿನಲ್ಲಿ ಭತ್ತವೂ ಬೆಳೆಯತೊಡಗಿದೆ. ಹಸಿರಿನ ನಡುವೆ ಮತ್ತೆ ಬಂಡೆಗಳು ತಲೆಯೆತ್ತಿದಾಗ ಸುರಪುರ ಬಂದಿತು.

ಸುರಪುರ ಬೇಡ ನಾಯಕರ ರಾಜಧಾನಿ. ಎತ್ತರದಲ್ಲಿ ಟೇಲರ್ ಮಂಜಿಲ್ ನಿಂತಿದೆ. ಎಳೆಯ ದೊರೆ ವೆಂಕಟಪ್ಪ ನಾಯಕನು ಪ್ರಾಪ್ತ ವಯಸ್ಸಿಗೆ ಬರುವ 1853ರವರೆಗೆ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರನ ಬಂಗಲೆಯದು. ಟೇಲರನನ್ನು ಆ ಹುಡುಗ ದೊರೆ ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ಅದೇ ದೊರೆ 1858ರಲ್ಲಿ ಇಂಗ್ಲಿಷರ ವಿರುದ್ಧ ಕತ್ತಿ ಹಿರಿದನು. ಸೆರೆಯಾಗಿ, ಇನ್ನೊಂದು ಸೆರೆಮನೆಗೆ ಸಾಗುವ ದಾರಿಯಲ್ಲಿ ಗುಂಡಿಗೆ ಬಲಿಯಾದನು. ಹೈದರಾಬಾದಿನ ಸೆರೆಯಲ್ಲಿ ಅವನನ್ನು ಕಾಣಲು ಬಂದವನೂ ಟೇಲರನೇ.

“ಕಿತ್ತೂರು ಚೆನ್ನಮ್ಮನ್ನ 1961ರಾಗ ಪಂತುಲು ಅವರು ತೆರೆ ಮ್ಯಾಲೆ ತಂದ್ರು. ಇವರಿಬ್ಬರ ಕಥಿನೂ ಆ ಕಾಲದವರ ಕೈಗೆ ಸಿಗಬೇಕಿತ್ತು” ಎಂದು ಮುದುಕರು ನಿಟ್ಟುಸಿರಿಟ್ಟರು. “ಇದರಾಗ ಪೂರ್ತಿ ಕಪ್ಪೂ ಇಲ್ಲ, ಪೂರ್ತಿ ಬಿಳುಪೂ ಇಲ್ಲ. ನಡುವಿನ ಛಾಯೆ ಬಲ್ಲವರು ಬೇಕು.”

1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಒಪ್ಪಿಸಿದರು. ಆದಕಾರಣವೇ ಮುದುಕರ ತಂದೆ ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಉರ್ದು ಓದಿದರು. ಮೊಘಲ್-ಎ-ಆಜಮ್‌ನ ಸಂಭಾಷಣೆಗಳು ಅವರಿಗೆ ಬಾಯಿಪಾಠವಾಗಿದ್ದವು. ಕನ್ನಡದ ಲಿಪಿ ಮಾತ್ರ ಅಪರಿಚಿತ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯವನ್ನು ಸೇರಿತು. ಮಗನು ಕನ್ನಡ ಶಾಲೆಗೆ ಹೋದನು.

ಮುದುಕರು ಒಂದೆಡೆ ನಿಂತರು. ಟೂರಿಂಗ್ ಟಾಕೀಸಿನ ಡೇರೆ ಇದ್ದ ಬಯಲಿನಲ್ಲಿ ಈಗ ಅಂಗಡಿಸಾಲು. 1960ರ ಸುಮಾರಿಗೆ ಅಲ್ಲಿಗೆ ಬಂದದ್ದು 1954ರ ‘ಬೇಡರ ಕಣ್ಣಪ್ಪ’, ಎಚ್.ಎಲ್.ಎನ್. ಸಿಂಹರು ನಿರ್ದೇಶಿಸಿದ, ಮುತ್ತುರಾಜರು ರಾಜಕುಮಾರರಾಗಿ ನಾಯಕಪಾತ್ರಕ್ಕೆ ಬಂದ ಚಿತ್ರ. ನೆಲದ ಮೇಲೆ ತಂದೆಯ ಮಗ್ಗುಲಲ್ಲಿ ಕುಳಿತ ಬಾಲಕನು ತೆರೆಯ ಮೇಲೆ ಮೂಡಿದ ಚಿತ್ರದ ಹೆಸರನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದನು. ತಂದೆ ಅದನ್ನು ಮೆಲ್ಲನೆ ಮರುನುಡಿದರು. ಬೇಡನೊಬ್ಬನು ಶಿವನಿಗೆ ತನ್ನ ಕಣ್ಣನ್ನೇ ಕಿತ್ತು ಕೊಟ್ಟಾಗ, ಬೇಡರ ಆ ಊರಿನಲ್ಲಿ ಅಳದವರೇ ಇರಲಿಲ್ಲ. ಮನೆಗೆ ನಡೆಯುವಾಗ ತಂದೆ ಹೇಳಿದ್ದು ಒಂದೇ ಮಾತು: “ನಾಳೆಯಿಂದ ನನಗೂ ಅಕ್ಷರ ಕಲಿಸು.”

ಹುಡುಗನು ಈ ಸಂಗತಿಯನ್ನು ಎಂದೂ ಕೇಳಿರಲಿಲ್ಲ.

ಆ ರಾತ್ರಿ ಬಂಧುಗಳ ಮನೆಯ ಮಾಳಿಗೆಯ ಮೇಲೆ ಅವನು ಮೊಬೈಲಿನಲ್ಲಿ ಆ ಚಿತ್ರವನ್ನು ಹುಡುಕಿ ತೆಗೆದನು. ಬಣ್ಣದ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಂಗೈಯಗಲದ ತೆರೆಯಲ್ಲಿ ಅಕ್ಷರಗಳು ಮೂಡಿದವು. ಮುದುಕರು ಕನ್ನಡಕ ಸರಿಪಡಿಸಿಕೊಂಡು ಕಣ್ಣು ಕಿರಿದುಗೊಳಿಸಿದರೂ ಅವು ಕೂಡಿಬರಲಿಲ್ಲ.

“ನಾ ಓದ್ತೀನಿ ತಡಿ ಮುತ್ಯಾ” ಎಂದು ಮೊಮ್ಮಗನು ಹತ್ತಿರಕ್ಕೆ ಸರಿದು ಕುಳಿತನು.