ಬ್ಯಾಗಿನಲ್ಲೊಂದು ಮಡಚುವ ಚಾಕು

ದಿನಾ ರೈಲಿನಲ್ಲಿ ಓಡಾಡುವವರ ಬ್ಯಾಗು ಅಂದರೆ ಅರ್ಧ ಸಂಸಾರ. ಊಟದ ಡಬ್ಬಿ, ನೀರಿನ ಬಾಟಲಿ, ಚಾರ್ಜರ್, ಕೊಡೆ, ತಲೆನೋವಿನ ಮಾತ್ರೆ ಎಲ್ಲ ಅದರಲ್ಲೇ. ಊರಿಗಾಂನಿಂದ ಬೆಂಗಳೂರಿಗೆ ಹೋಗಿ ಬರುವ ನನ್ನ ಬ್ಯಾಗಿಗೆ ಇನ್ನೊಂದು ವಸ್ತು ಸೇರಲೇಬೇಕು ಅಂತ ಕಳೆದ ವರ್ಷ ಅಮ್ಮ ಹಟ ಹಿಡಿದಳು. ಅದು ಮಡಚುವ ಚಾಕು.

"ರಾತ್ರಿ ಒಂಬತ್ತಕ್ಕೆ ಸ್ಟೇಷನ್ನಿಂದ ಒಬ್ಳೇ ನಡ್ಕೊಂಡು ಬರ್ತೀಯ. ಒಂದು ಚಾಕು ಇರ್ಲಿ ಕಣೇ" ಅನ್ನೋದು ಅವಳ ವಾದ. ಅಪ್ಪ ಪೇಪರ್ ಮಡಚಿಟ್ಟು, "ಹೆದರ್ಸೋಕೆ ಆದ್ರೆ ಬೇಡಮ್ಮ. ಹಣ್ಣು ಹೆಚ್ಚೋಕೆ ಆದ್ರೆ ಇಟ್ಕೊ" ಅಂದರು.

ಅಪ್ಪನ ಮಾತಿಗೆ ತೂಕ ಇದೆ. ಅವರು ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ನಮ್ಮೂರಿನ ಸಾವಿರಾರು ಜನರ ಹಾಗೆ ಅವರೂ ಬೆಳಗಿನ ರೈಲು ಹತ್ತಿದರು, ಬೆಂಗಳೂರಿನಲ್ಲಿ ವೈರಿಂಗ್ ಕೆಲಸ ಹುಡುಕಿಕೊಂಡರು. ಅಷ್ಟು ವರ್ಷವೂ ಅವರ ಡಬ್ಬಿ ಚೀಲದಲ್ಲಿ ಒಂದು ಮರದ ಹಿಡಿಯ ಚಾಕು ಇರುತ್ತಿತ್ತು. ವೈರಿನ ಸಿಪ್ಪೆ ಸುಲಿಯುತ್ತಿದ್ದುದೂ ಅದೇ, ಮಧ್ಯಾಹ್ನ ಈರುಳ್ಳಿ ಹೆಚ್ಚುತ್ತಿದ್ದುದೂ ಅದೇ.

ಸರಿ, ತಗೊಳ್ಳೋದೇ ಆದರೆ ನೋಡಿ ತಗೊಳ್ಳೋಣ ಅಂತ ಮೂರು ಚಾಕು ಮುಂದಿಟ್ಟುಕೊಂಡೆ. ಒಂದು ಅಪ್ಪನದು. ಇನ್ನೊಂದು ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ನೂರಾ ಎಂಬತ್ತು ರೂಪಾಯಿಗೆ ತಂದದ್ದು. ಮೂರನೆಯದು ಚಿಕ್ಕಪ್ಪನ ಮಗ ವಿದೇಶದಿಂದ ತಂದುಕೊಟ್ಟ ಕೆಂಪು ಹಿಡಿಯ ಸ್ವಿಸ್ ಚಾಕು. ಒಂದೊಂದನ್ನು ಎರಡೆರಡು ವಾರ ಜೊತೆಯಲ್ಲಿ ಹೊತ್ತೆ.

ಮೊದಲು ನೋಡಬೇಕಾದದ್ದು ಹರಿತ. ಕೋಲಾರ ಜಿಲ್ಲೆಯವರಿಗೆ ಇದಕ್ಕೆ ಯಂತ್ರ ಬೇಡ, ಟೊಮೆಟೊ ಸಾಕು. ಒತ್ತದೆ ಎಳೆದರೆ ಸಿಪ್ಪೆ ಸೀಳಬೇಕು. ಅಂಗಡಿಯ ಚಾಕು ಮೊದಲ ದಿನ ಪಾಸಾಯಿತು, ನಾಲ್ಕು ಪಾರ್ಸೆಲ್ ಡಬ್ಬಿ ಕತ್ತರಿಸಿದ ಮೇಲೆ ಟೊಮೆಟೊ ಹಿಂಡಿ ರಸ ತೆಗೆಯಿತು. ರಟ್ಟು ಅಲಗನ್ನು ಬೇಗ ಮೊಂಡು ಮಾಡುತ್ತದೆ. ಮೊಂಡು ಚಾಕು ಸುರಕ್ಷಿತ ಅಂದುಕೊಳ್ಳಬೇಡಿ. ಹರಿಯದಿದ್ದಾಗ ನಾವು ಜಾಸ್ತಿ ಒತ್ತುತ್ತೇವೆ, ಒತ್ತಿದಾಗ ಜಾರುತ್ತದೆ, ಜಾರಿದರೆ ಬೆರಳಿಗೇ.

ಎರಡನೆಯದು ಉಕ್ಕು. ಅಪ್ಪನದು ಕಾರ್ಬನ್ ಸ್ಟೀಲ್. ಸಾಣೆಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಕೂದಲು ಕತ್ತರಿಸುವಷ್ಟು ಹರಿತ ಬರುತ್ತದೆ. ಆದರೆ ನಿಂಬೆಹಣ್ಣು, ಮಾವಿನಕಾಯಿ ತಾಗಿದರೆ ಕಪ್ಪಾಗುತ್ತದೆ, ಒರೆಸದೆ ಬಿಟ್ಟರೆ ತುಕ್ಕು. ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡುವುದು ಅಪ್ಪನ ರೂಢಿ. ಸ್ಟೇನ್‌ಲೆಸ್ ಸ್ಟೀಲಿಗೆ ಅಷ್ಟು ಉಪಚಾರ ಬೇಡ. ಮೇ ತಿಂಗಳಲ್ಲಿ ಶ್ರೀನಿವಾಸಪುರದ ಮಾವು ಬಂದಾಗ ರೈಲಿನಲ್ಲಿ ನಮ್ಮ ಗುಂಪಿಗೆಲ್ಲ ಹೆಚ್ಚಿಕೊಟ್ಟು, ಟಿಶ್ಯೂ ಪೇಪರಿನಲ್ಲಿ ಒರೆಸಿ ಇಟ್ಟರೂ ಸ್ವಿಸ್ ಚಾಕುವಿಗೆ ಏನೂ ಆಗಲಿಲ್ಲ.

ಮೂರನೆಯದು ಲಾಕ್. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ಅಪ್ಪನದೂ ಸ್ವಿಸ್‌ನದೂ ಬರೀ ಸ್ಪ್ರಿಂಗಿನ ಒತ್ತಡದಲ್ಲಿ ನಿಲ್ಲುವ ಅಲಗು. ಎಳೆದು ಹೆಚ್ಚುವಾಗ ತೊಂದರೆ ಇಲ್ಲ. ಮೊನೆಯಿಂದ ಚುಚ್ಚಲು ಹೋದರೆ ಮಡಚಿಕೊಂಡು ಬೆರಳ ಮೇಲೆ ಬೀಳಬಹುದು. ಅಂಗಡಿಯ ಚಾಕುವಿನಲ್ಲಿ ಒಳಗಿನ ತಗಡು ಅಲಗಿಗೆ ಅಡ್ಡ ಬಂದು ನಿಲ್ಲುವ ಲಾಕ್ ಇತ್ತು. ಅಪ್ಪ ಅದರ ಬೆನ್ನನ್ನು ಮಣೆಯ ಮೇಲೆ ಮೆಲ್ಲಗೆ ಒತ್ತಿ ನೋಡಿದರು. ಟಕ್ ಅಂತ ಮಡಚಿಕೊಂಡಿತು. "ಲಾಕ್ ಇಲ್ದೇ ಇರೋದಕ್ಕಿಂತ ಸುಳ್ಳು ಲಾಕ್ ಇರೋದು ಅಪಾಯ" ಅಂತ ಅದನ್ನು ಪಕ್ಕಕ್ಕಿಟ್ಟರು. ಲಾಕ್ ಇಲ್ಲ ಅಂತ ಗೊತ್ತಿದ್ದರೆ ನಾವೇ ಹುಷಾರಾಗಿರುತ್ತೇವಲ್ಲ.

ಇನ್ನು ಉದ್ದ. ಹಣ್ಣಿಗೆ, ಪಾರ್ಸೆಲ್ಲಿಗೆ, ದಾರಕ್ಕೆ ಎರಡೂವರೆ ಇಂಚಿನ ಅಲಗು ಧಾರಾಳ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗು ಇದ್ದರೆ ಅದು ಆಯುಧದ ಪಟ್ಟಿಗೆ ಬರುತ್ತದೆ. ಮನೆ, ಕೃಷಿ, ಕಾರ್ಖಾನೆ ಕೆಲಸಕ್ಕೆಂದೇ ಮಾಡಿದವಕ್ಕೆ ವಿನಾಯಿತಿ ಇದೆ. ಆದರೆ ಕಾನೂನು ಒಪ್ಪಿದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ಮಾಲ್, ಮೆಟ್ರೋ, ಆಫೀಸಿನ ಗೇಟಿನಲ್ಲಿ ಸೆಕ್ಯೂರಿಟಿಯವರು ಕೇಳಿದರೆ ಕೊಟ್ಟುಬಿಡಬೇಕು. ವಿಮಾನ ಹತ್ತುವ ದಿನವಂತೂ ಕೈಚೀಲದಿಂದ ತೆಗೆದು ಚೆಕ್-ಇನ್ ಬ್ಯಾಗಿಗೆ ಹಾಕಿ. ಬಟನ್ ಒತ್ತಿದರೆ ಚಿಮ್ಮುವ ಚಾಕುವಿನ ಸಹವಾಸವೇ ಬೇಡ. ಹಣ್ಣು ಹೆಚ್ಚಲು ತೆಗೆದರೂ ಪಕ್ಕದವರು ಎದ್ದು ಹೋಗುತ್ತಾರೆ!

ಈಗ ಅಮ್ಮನ ಪ್ರಶ್ನೆಗೆ ಬರೋಣ. ಯಾರಾದರೂ ಅಡ್ಡಗಟ್ಟಿದರೆ ಈ ಚಾಕು ಕಾಪಾಡುತ್ತದಾ?

ಅವಳ ಎದುರಿಗೇ ಪರೀಕ್ಷೆ ಮಾಡಿ ತೋರಿಸಿದೆ. ಹೆಗಲಿಗೆ ಬ್ಯಾಗ್ ಹಾಕಿಕೊಂಡು ಬಾಗಿಲ ಹತ್ತಿರ ನಿಂತು, "ಈಗ" ಅಂದಾಗ ತೆಗೆಯಲು ಶುರು ಮಾಡಿದೆ. ಜಿಪ್ ಎಳೆದು, ಡಬ್ಬಿಯ ಕೆಳಗೆ ತಡಕಾಡಿ, ಅಲಗಿನ ಗೀರಿಗೆ ಉಗುರು ಸಿಕ್ಕಿಸಿ, ಎರಡೂ ಕೈಯಲ್ಲಿ ಬಿಡಿಸುವ ಹೊತ್ತಿಗೆ ಅಮ್ಮ ಅಡುಗೆಮನೆಯಿಂದ ನನ್ನ ಹತ್ತಿರ ಬಂದು, ಕೈಯಿಂದ ಚಾಕು ಕಸಿದುಕೊಂಡಿದ್ದಳು. ಐವತ್ತೆಂಟು ವರ್ಷದ ಮಂಡಿನೋವಿನ ಅಮ್ಮ! ಇಬ್ಬರೂ ನಕ್ಕೆವು. ಆಮೇಲೆ ಅವಳು ಸುಮ್ಮನಾದಳು. ಕಸಿದುಕೊಂಡ ಚಾಕು ಯಾರ ಕಡೆ ತಿರುಗುತ್ತೆ ಅಂತ ನಾನು ಹೇಳಬೇಕಾಗಲಿಲ್ಲ.

ಆ ಸ್ವಿಸ್ ಚಾಕುವಿನ ಕತೆಯೂ ಅದೇ. 1897ರಲ್ಲಿ ಕಾರ್ಲ್ ಎಲ್ಸೆನರ್ ಪೇಟೆಂಟ್ ಮಾಡಿಸಿದ ಆಫೀಸರ್ ಚಾಕುವಿನ ವಂಶದ್ದು ಅದು. ಅದಕ್ಕೂ ಮೊದಲು ಸ್ವಿಸ್ ಸೈನ್ಯ ತನ್ನ ಸಿಪಾಯಿಗಳಿಗೆ ಮಡಚುವ ಚಾಕು ಕೊಟ್ಟದ್ದು ಊಟದ ಡಬ್ಬ ತೆರೆಯಲು, ಬಂದೂಕು ಬಿಚ್ಚಿ ಜೋಡಿಸಲು. ಸಿಪಾಯಿಯ ಜೇಬಿನಲ್ಲೂ ಅದು ಉಪಕರಣವೇ.

ಹಾಗಂತ ಅಮ್ಮನ ಭಯ ಸುಳ್ಳೇನಲ್ಲ. ಸ್ಟೇಷನ್ನಿನಿಂದ ನಮ್ಮ ಲೈನಿಗೆ ಬರುವ ದಾರಿಯಲ್ಲಿ ಮೂರು ಕಂಬದ ದೀಪ ಉರಿಯುತ್ತಿರಲಿಲ್ಲ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಊರು ನಮ್ಮದು, ಬೆಂಗಳೂರಿಗಿಂತ ಮೊದಲು. ಅಂಥ ಊರಿನಲ್ಲಿ ಮೊಬೈಲ್ ಬೆಳಕಿನಲ್ಲಿ ನಡೆಯೋದು ನೋಡಿ ಎಲೆಕ್ಟ್ರಿಷಿಯನ್ ಅಪ್ಪನಿಗೆ ಬೇಜಾರಾಗದೆ ಇರುತ್ತಾ? ನಮ್ಮ ಭಯಕ್ಕೆ ಔಷಧ ಬೇಕಿದ್ದದ್ದು ಅಲ್ಲಿ. ನಮ್ಮ ಲೈನಿನ ಹದಿನಾಲ್ಕು ಮನೆಯವರ ಸಹಿ ಹಾಕಿಸಿ, ಕಂಬಗಳ ಫೋಟೋ ಸೇರಿಸಿ ಅರ್ಜಿ ಕೊಟ್ಟೆವು. ಎರಡು ತಿಂಗಳು ಬಿಡದೆ ಕೇಳಿದ ಮೇಲೆ ಎರಡು ದೀಪ ಬಂದಿವೆ. ಮೂರನೆಯದಕ್ಕೆ ಇನ್ನೂ ಓಡಾಟ ನಡೆದಿದೆ.

ಒಂದೇ ರೈಲಿನಲ್ಲಿ ಬರುವ ನಾವು ನಾಲ್ಕು ಜನ ಹೆಣ್ಣುಮಕ್ಕಳು ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೇವೆ. ಒಬ್ಬಳಿಗೆ ಲೇಟಾದರೆ ಮಾಲೂರು ದಾಟುವಾಗ ಮೆಸೇಜ್, ಬಂಗಾರಪೇಟೆಗೆ ಬಂದಾಗ ಮನೆಗೆ ಫೋನ್. ರೈಲಿನಲ್ಲಿ ತೊಂದರೆಯಾದರೆ 139, ಹೊರಗಡೆ 112 ಎರಡೂ ಫೋನಿನಲ್ಲಿ ಮೇಲೇ ಇವೆ. ಕೀಚೈನಿಗೆ ಒಂದು ಸಣ್ಣ ಟಾರ್ಚ್ ಸೇರಿದೆ.

ಚಾಕುವೂ ಇದೆ. ಕೊನೆಗೆ ಆರಿಸಿಕೊಂಡದ್ದು ಸ್ವಿಸ್ ಚಾಕು. ಹಗುರ, ತುಕ್ಕಿನ ಕಾಟ ಕಡಿಮೆ, ಕತ್ತರಿ ಬೇರೆ ಇದೆ. ನೀವು ತಗೊಳ್ಳುವುದಾದರೆ ಬ್ರ್ಯಾಂಡ್ ಆಮೇಲೆ ನೋಡಿ. ಅಲಗು ಅಲ್ಲಾಡಬಾರದು, ಒದ್ದೆ ಕೈಯಲ್ಲೂ ಬಿಡಿಸಲು ಬರಬೇಕು, ಲಾಕ್ ಇದ್ದರೆ ನಿಜವಾಗಿ ನಿಲ್ಲಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬ್ಯಾಗನ್ನು ಎತ್ತರದಲ್ಲಿ ನೇತುಹಾಕಿ.

ಅಪ್ಪನ ಚಾಕು ಮನೆಯಲ್ಲೇ ಉಳಿದಿದೆ. ತಿಂಗಳಿಗೊಂದು ಭಾನುವಾರ ಎರಡನ್ನೂ ಸಾಣೆಕಲ್ಲಿನ ಮುಂದೆ ಇಟ್ಟುಕೊಂಡು ಕೂರುತ್ತಾರೆ. ಈಗ ಅವರ ಕೈ ಸ್ವಲ್ಪ ನಡುಗುತ್ತದೆ, ಅದಕ್ಕೇ ಕಲ್ಲಿಗೆ ನೀರು ಹಾಕುವುದು ಅವರು, ಎಳೆಯುವುದು ನಾನು. "ಇನ್ನೂ ಸ್ವಲ್ಪ ಮಲಗ್ಸಿ ಎಳಿ" ಅಂತ ಪಕ್ಕದಿಂದ ಹೇಳುತ್ತಿರುತ್ತಾರೆ. ಅಷ್ಟರಲ್ಲಿ ಅಮ್ಮ ಟೊಮೆಟೊ ತಂದಿಡುತ್ತಾಳೆ.