ಅಡಿಕೆಗೆ ಹೋದ ಮಾನ

ಅಡಿಕೆ ಕದ್ದರೂ ಕಳ್ಳ, ಆನೆ ಕದ್ದರೂ ಕಳ್ಳ ಎನ್ನುವ ಗಾದೆಯನ್ನು ನೀವೆಲ್ಲ ಕೇಳಿರುತ್ತೀರಿ. ನಾನೂ ನನ್ನ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಆದರೆ 2025ರ ಗೌರಿ ಹಬ್ಬದ ಹಿಂದಿನ ದಿನ ಒಂದು ಪ್ರಸಂಗ ನಡೆಯಿತು ನೋಡಿ, ಅಂದಿನಿಂದ ಆ ಗಾದೆಯನ್ನು ಅಷ್ಟು ಸಲೀಸಾಗಿ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ತುಮಕೂರಿನ ನಮ್ಮ ಬಡಾವಣೆಯ ಹತ್ತಿರ ಒಂದು ದೊಡ್ಡ ದಿನಸಿ ಅಂಗಡಿ ಇದೆ. ನಾವೇ ಬುಟ್ಟಿ ಹಿಡಿದು ಸಾಲುಸಾಲು ಓಡಾಡಿ, ಬೇಕಾದ್ದನ್ನು ತೆಗೆದುಕೊಂಡು, ಕೊನೆಯಲ್ಲಿ ಬಿಲ್ ಮಾಡಿಸುವಂಥದ್ದು. ಹೆಸರು ಬೇಡ ಬಿಡಿ. ಹಬ್ಬದ ಗದ್ದಲ. ನಾನು ಕಡಲೆಬೇಳೆ, ಬೆಲ್ಲ, ಬಾಗಿನಕ್ಕೆ ಬೇಕಾದ ಸಾಮಾನು ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದೆ. ಬಾಗಿಲ ಹತ್ತಿರ ಗಲಾಟೆಯಾಯಿತು. ಅಂಗಡಿಯ ಹುಡುಗನೊಬ್ಬ ಒಬ್ಬ ಹೆಂಗಸಿನ ಕೈಚೀಲ ಹಿಡಿದುಕೊಂಡು, "ಬಿಚ್ಚಿ ತೋರಿಸ್ರೀ" ಅಂತ ಕೂಗುತ್ತಿದ್ದ. ಚೀಲದೊಳಗಿಂದ ಬಂದದ್ದು ಅರ್ಧ ಕೇಜಿ ತುಪ್ಪದ ಪ್ಯಾಕೆಟ್ಟು. ಬಿಲ್ ಆಗಿರಲಿಲ್ಲ.

ಆಕೆಯನ್ನು ಬಿಲ್ಲಿನ ಮೇಜಿನ ಪಕ್ಕದಲ್ಲೇ, ಎಲ್ಲರಿಗೂ ಕಾಣುವಂತೆ, ಒಂದು ಸ್ಟೂಲಿನ ಮೇಲೆ ಕೂರಿಸಿದರು. ತುಪ್ಪದ ಪ್ಯಾಕೆಟ್ಟನ್ನು ಆಕೆಯ ಕೈಯಲ್ಲೇ ಹಿಡಿಸಿ ಮೊಬೈಲಿನಲ್ಲಿ ಫೋಟೋ ತೆಗೆದರು. ಆಕೆ ಸೆರಗಿನಿಂದ ಮುಖ ಮುಚ್ಚಿಕೊಳ್ಳಲು ಹೋದರೆ, "ಸೆರಗು ತೆಗೀರಿ" ಎಂದು ಗದರಿಸಿದರು. ಸೆರಗು ಸರಿದಾಗ ನನಗೆ ಗುರುತು ಸಿಕ್ಕಿತು. ನಮ್ಮ ಭಜನಾ ಮಂಡಳಿಯವರು! ಆರು ವರ್ಷದಿಂದ ಪ್ರತಿ ಶುಕ್ರವಾರ ನನ್ನ ಪಕ್ಕದಲ್ಲೇ ಕೂತು ತಾಳ ಹಾಕುತ್ತಿದ್ದವರು. ಅವರೂ ನನ್ನನ್ನು ನೋಡಿದರು.

ಸೋದರಿಯರೇ, ನಾನೇನು ಮಾಡಿದೆ ಗೊತ್ತೇ? ತಲೆ ತಗ್ಗಿಸಿದೆ. ದುಡ್ಡು ಕೊಟ್ಟೆ, ಚೀಲ ಎತ್ತಿಕೊಂಡೆ, ಬಂದುಬಿಟ್ಟೆ. ರಾತ್ರಿ ಎಂಟು ಗಂಟೆಯ ಹೊತ್ತಿಗೆಲ್ಲ ಆ ಫೋಟೋ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿತ್ತು. ಯಾರೋ ನಗುವ ಗೊಂಬೆ ಹಾಕಿದ್ದರು, ಇನ್ಯಾರೋ "ಭಜನೆ ಮಾಡೋರ ಬಣ್ಣ ನೋಡಿ" ಅಂತ ಬರೆದಿದ್ದರು. ಮರುದಿನ ಗೌರಿಯ ಮುಂದೆ ಕೂತರೆ ನನಗೆ ಕಾಣುತ್ತಿದ್ದದ್ದು ಆ ಸ್ಟೂಲು.

ನಾನು ಕಳ್ಳತನವನ್ನು ಹಗುರವಾಗಿ ನೋಡುವವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅಂಗಡಿಯವರ ಮಗಳು. ನಮ್ಮಪ್ಪನಿಗೆ ತಿಪಟೂರಿನಲ್ಲಿ ಒಂದು ಸಣ್ಣ ದಿನಸಿ ಅಂಗಡಿಯಿತ್ತು. ಶಾಲೆ ಬಿಟ್ಟ ಮೇಲೆ ನಾನೂ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಪೊಟ್ಟಣ ಕಟ್ಟಿದವಳೇ. ಹೊರಗಿನವರಿಗೆ ಗೊತ್ತಾಗದ ಒಂದು ಲೆಕ್ಕವನ್ನು ಅಪ್ಪ ನನಗೆ ಹೇಳಿಕೊಟ್ಟಿದ್ದರು. ಅದನ್ನು ಇವತ್ತಿನ ರೂಪಾಯಿಯಲ್ಲಿ ಹೇಳುತ್ತೇನೆ ಕೇಳಿ. 300 ರೂಪಾಯಿಯ ಒಂದು ಸಾಮಾನು ಮಾರಿದರೆ ಅಂಗಡಿಯವನಿಗೆ ಉಳಿಯುವುದು 15 ರೂಪಾಯಿ ಅಂದುಕೊಳ್ಳಿ. ಅವನು ಅದಕ್ಕೆ ಹಾಕಿರುವ ಬಂಡವಾಳ 285. ಆ ಒಂದು ಸಾಮಾನು ಕಳುವಾದರೆ, ಹೋದ ಬಂಡವಾಳ ಮರಳಿ ಬರಲು ಅಂಥದ್ದೇ 19 ಸಾಮಾನು ಮಾರಬೇಕು! ಹತ್ತೊಂಬತ್ತು ಗಿರಾಕಿಗಳಿಗೆ ತೂಗಿಕೊಟ್ಟ ಶ್ರಮವೆಲ್ಲ ಒಂದು ಕೈಚಳಕಕ್ಕೆ ಸಮ. "ದೊಡ್ಡ ಅಂಗಡಿಯವರಿಗೆ ಒಂದು ಪ್ಯಾಕೆಟ್ಟು ಹೋದರೆ ಏನು ಮಹಾ" ಎನ್ನುವವರು ಈ ಲೆಕ್ಕ ಹಾಕಿ ನೋಡಬೇಕು.

ಇನ್ನೊಂದು ಮಾತು. ನಮ್ಮ ಹಿಂದಿನ ರಸ್ತೆಯ ಹುಡುಗಿಯೊಬ್ಬಳು ಇಂಥದೇ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಿಂಗಳ ಕೊನೆಯಲ್ಲಿ ಸಾಮಾನು ಎಣಿಸಿ, ಕಮ್ಮಿ ಬಂದರೆ ಅಲ್ಲಿ ಕೆಲಸ ಮಾಡುವವರ ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರಂತೆ. "ಆಂಟೀ, ಯಾರೋ ಲಿಪ್‌ಸ್ಟಿಕ್ ಎತ್ಕೊಂಡು ಹೋದ್ರೆ ನಮ್ಮಮ್ಮನ ಔಷಧಿ ದುಡ್ಡು ಹೋಗತ್ತೆ" ಎಂದಿದ್ದಳು. ಕದ್ದ ಸಾಮಾನಿನ ಬೆಲೆಯನ್ನು ಯಾರೋ ಒಬ್ಬರು ಕೊಟ್ಟೇ ಕೊಡುತ್ತಾರೆ, ಅದು ಹೆಚ್ಚಾಗಿ ಬಡವರೇ. ಹಾಗಾಗಿ ಇದು ಚಿಲ್ಲರೆ ತಪ್ಪಲ್ಲ.

ಹಾಗಾದರೆ ಜೈಲಿಗೆ ಹಾಕಬೇಕೇ? ನನ್ನ ತಮ್ಮ ವಕೀಲ. ಅವನನ್ನು ಕೇಳಿದೆ. 1860ರ ದಂಡಸಂಹಿತೆಯಲ್ಲಿ ಕಳ್ಳತನಕ್ಕೆ ಮೂರು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ ಇತ್ತು. ಕದ್ದದ್ದು ತುಪ್ಪವೋ ಟಿವಿಯೋ, ಕಲಮು ಒಂದೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಸ್ವಲ್ಪ ಬದಲಾವಣೆಯಾಗಿದೆ. ಕದ್ದ ಸಾಮಾನಿನ ಬೆಲೆ 5000 ರೂಪಾಯಿಗಿಂತ ಕಡಿಮೆಯಿದ್ದು, ತಪ್ಪು ಸಾಬೀತಾದದ್ದು ಮೊದಲನೇ ಸಲವಾಗಿದ್ದು, ಸಾಮಾನನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ. ಅಂದರೆ ಸಂಬಳವಿಲ್ಲದೆ ಊರಿಗೆ ಉಪಯೋಗವಾಗುವ ಕೆಲಸ ಮಾಡುವುದು. ಇಷ್ಟು ಸಣ್ಣ ಮೊತ್ತದ ಕಳ್ಳತನದಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ನೇರವಾಗಿ ಬಂಧಿಸುವಂತೆಯೂ ಇಲ್ಲ. ಆದರೆ ಎರಡನೇ ಸಲ ಸಾಬೀತಾಯಿತೋ, ಒಂದರಿಂದ ಐದು ವರ್ಷ ಕಠಿಣ ಸಜೆ.

ಅವನು ಇನ್ನೊಂದು ವಿಷಯ ಹೇಳಿದ. ಇಂಗ್ಲೆಂಡಿನಲ್ಲಿ 1699ರಲ್ಲಿ ಒಂದು ಕಾನೂನು ಮಾಡಿದ್ದರಂತೆ. ಅಂಗಡಿಯಿಂದ ಐದು ಷಿಲ್ಲಿಂಗ್ ಅಥವಾ ಅದಕ್ಕೆ ಮೇಲ್ಪಟ್ಟ ಸಾಮಾನು ಕದ್ದರೆ ಗಲ್ಲು! ತೀರ್ಪು ಹೇಳಬೇಕಾದ ಪಂಚರು ಮನಸ್ಸು ಬಾರದೆ, ಎಷ್ಟೋ ಸಲ ಸಾಮಾನಿನ ಬೆಲೆ ಐದು ಷಿಲ್ಲಿಂಗಿಗೆ ಕಮ್ಮಿ ಎಂದು ಬೇಕೆಂದೇ ಇಳಿಸಿ ಹೇಳಿ ಜೀವ ಉಳಿಸುತ್ತಿದ್ದರಂತೆ. ನೋಡಿದಿರಾ, ಶಿಕ್ಷೆ ಅತಿಯಾದರೆ ಒಳ್ಳೆಯವರೂ ಸುಳ್ಳು ಹೇಳಬೇಕಾಗುತ್ತದೆ. ನಂತರ ಆ ಶಿಕ್ಷೆಯನ್ನು ತೆಗೆದರು, ಆದರೂ ಅದಕ್ಕೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು.

ಹೊಸ ಕಾನೂನಿನ ಮಾತು ಕೇಳುತ್ತಿದ್ದಾಗ ನನಗೆ ಅಪ್ಪನ ನೆನಪಾಯಿತು. ಒಂದು ಸಲ ಹತ್ತು ವರ್ಷದ ಹುಡುಗನೊಬ್ಬ ಚಡ್ಡಿ ಜೇಬಿಗೆ ಬೆಲ್ಲದಚ್ಚು ಇಳಿಸಿದ್ದ. ಅಪ್ಪ ಹೊಡೆಯಲಿಲ್ಲ, ಕೂಗಲಿಲ್ಲ. ಒಳಗೆ ಕರೆದು, "ಕೂತ್ಕೊಂಡು ಹಳೇ ಪೇಪರಿನಲ್ಲಿ ನೂರು ಪೊಟ್ಟಣ ಮಾಡು, ಆಮೇಲೆ ಮನೆಗೆ ಹೋಗು" ಎಂದರು. ಅಳುತ್ತಳುತ್ತಲೇ ಮಾಡಿದ. ನಮ್ಮಪ್ಪ ಯಾವ ಕಾನೂನು ಓದಿದ್ದರು ಹೇಳಿ! ಹಾಗಂತ ಅವರು ಎಲ್ಲರನ್ನೂ ಬಿಟ್ಟವರೂ ಅಲ್ಲ. ಎಣ್ಣೆ ಡಬ್ಬ ಎತ್ತುತ್ತಿದ್ದ ಒಬ್ಬ ಗಟ್ಟಿಮುಟ್ಟಾದ ಆಸಾಮಿಯನ್ನು ಮೊದಲ ಸಲ ಬುದ್ಧಿ ಹೇಳಿ ಕಳಿಸಿದರು, ಎರಡನೇ ಸಲ ಸಿಕ್ಕಾಗ ಸೀದಾ ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು. "ಹಸಿವು ಬೇರೆ, ಚಪಲ ಬೇರೆ, ಕಸುಬು ಬೇರೆ" ಎನ್ನುತ್ತಿದ್ದರು.

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನುವುದೇ ನನ್ನ ಅಭಿಪ್ರಾಯ. ಗುಂಪು ಕಟ್ಟಿಕೊಂಡು ಬಂದು, ಒಬ್ಬಳು ಮಾತಿಗೆಳೆಯುತ್ತಿರುವಾಗ ಇನ್ನೊಬ್ಬಳು ರೇಷ್ಮೆ ಸೀರೆಗಳನ್ನು ಲಂಗದೊಳಗೆ ಇಳಿಸುವವರಿದ್ದಾರೆ. ಅದು ಕಸುಬು, ಅಲ್ಲಿ ಕನಿಕರ ಬೇಡ. ಯಾಕೆ ಎತ್ತಿಕೊಂಡೆನೆಂದು ತಮಗೇ ತಿಳಿಯದೆ, ಬೇಡದ ಸಾಮಾನನ್ನೂ ಎತ್ತುವ ಕಾಯಿಲೆಯವರೂ ಅಪರೂಪಕ್ಕೆ ಇರುತ್ತಾರೆ, ಅವರಿಗೆ ಬೇಕಾದದ್ದು ಮನೋವೈದ್ಯರು. ಕಂಕುಳಲ್ಲಿದ್ದ ಮಗು ಬಾಚಣಿಗೆ ಹಿಡಿದುಕೊಂಡೇ ಬಂದದ್ದು ಮನೆಗೆ ಬಂದ ಮೇಲೆ ಗೊತ್ತಾಗಿ, ನಾನೇ ಒಂದು ಸಲ ಓಡಿ ಹೋಗಿ ಕೊಟ್ಟು ಬಂದಿದ್ದೇನೆ. ಕಾನೂನಿನಲ್ಲೂ ಅಪ್ರಾಮಾಣಿಕ ಉದ್ದೇಶ ಇದ್ದರೆ ಮಾತ್ರ ಅದು ಕಳ್ಳತನ.

ಆದರೆ ಈ ಉದ್ದೇಶವನ್ನು ತೂಗಿ ನೋಡುವವರು ಯಾರು? ಬಿಲ್ಲಿನ ಸಾಲಿನಲ್ಲಿ ನಿಂತ ನಾವೇ? ಮೊಬೈಲು ಹಿಡಿದ ಹುಡುಗನೇ? ಆ ಗೌರಿ ಹಬ್ಬ ಕಳೆದ ಮುಂದಿನ ತಿಂಗಳೇ, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೀರೆ ಕದ್ದಳೆಂದು ಒಬ್ಬ ಹೆಂಗಸನ್ನು ಅಂಗಡಿಯವರು ನಡುಬೀದಿಯಲ್ಲಿ ಒದ್ದ ವಿಡಿಯೋ ನೀವೂ ನೋಡಿರಬಹುದು. ಕಡೆಗೆ ಪೊಲೀಸರು ಆಕೆಯ ಮೇಲಷ್ಟೇ ಅಲ್ಲ, ಒದ್ದವರ ಮೇಲೂ ಕ್ರಮ ಕೈಗೊಂಡರು. ಕಳ್ಳತನ ಅಪರಾಧವಾದರೆ ಹೊಡೆಯುವುದೂ ಅಪರಾಧವೇ, ಕೋಣೆಯಲ್ಲಿ ಕೂಡಿಹಾಕುವುದೂ ಅಪರಾಧವೇ. ಪೊಲೀಸರೇ ಆದರೂ ಹೆಂಗಸನ್ನು ಹೆಂಗಸಿನಿಂದಲೇ, ಮರ್ಯಾದೆಗೆ ಕುಂದು ಬಾರದಂತೆ ತಪಾಸಣೆ ಮಾಡಿಸಬೇಕೆಂದು ಕಾನೂನಿದೆ.

ದೀಪಾವಳಿಯ ಹೊತ್ತಿಗೆ ನನ್ನ ಮನಸ್ಸು ತಡೆಯಲಿಲ್ಲ. ನಮ್ಮ ಯಜಮಾನರು, "ಸುಮ್ನೆ ಇರು, ಹೋಗಿ ಗಾಯ ಕೆರೀಬೇಡ" ಎಂದರು. ಆದರೂ ಒಂದು ಡಬ್ಬಿಯಲ್ಲಿ ಕೋಡುಬಳೆ ಹಾಕಿಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಒಳಗೆ ಬನ್ನಿ ಎನ್ನಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಕಾಫಿ ಕೊಟ್ಟು, ತಾವಾಗಿಯೇ ಹೇಳಿದರು. "ಕದ್ದಿದ್ದು ನಿಜ ಕಣ್ರೀ, ಸುಳ್ಳು ಹೇಳಲ್ಲ. ನಾದಿನಿ ಮನೆಯವ್ರು ಹಬ್ಬದ ಊಟಕ್ಕೆ ಬರೋರಿದ್ರು. ನಮ್ಮನೇಲಿ ಹತ್ತು ರೂಪಾಯಿಗೂ ಲೆಕ್ಕ ಕೊಡ್ಬೇಕು. ತುಪ್ಪಕ್ಕೆ ಕೇಳಿದ್ರೆ ಹೋದ ತಿಂಗಳದ್ದು ಏನ್ಮಾಡ್ದೆ ಅಂತಾರೆ. ಅವತ್ತು ಕೈ ಹೋಯ್ತು. ದುಡ್ಡು ನನ್ನ ಮಗಳು ತಂದು ಕಟ್ಟಿದ್ಲು."

ಆ ಮಗಳು ಹದಿನೈದು ದಿನ ಕಾಲೇಜಿಗೆ ಹೋಗಲಿಲ್ಲವಂತೆ. ಫೋಟೋ ಅವಳ ಗೆಳತಿಯರ ಮೊಬೈಲಿಗೂ ತಲುಪಿತ್ತು. ಅವಳು ಮಾಡಿದ ತಪ್ಪೇನು ಹೇಳಿ?

ದುಡ್ಡಿಲ್ಲವೆಂದು ಕದಿಯುವುದು ಸರಿಯೇ ಎಂದು ನೀವು ಕೇಳುತ್ತೀರಿ. ಖಂಡಿತ ಸರಿಯಲ್ಲ. ನಮ್ಮ ನಿಮ್ಮಂಥ ಎಷ್ಟೋ ಗೃಹಿಣಿಯರು ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟು ಹಬ್ಬ ಮಾಡಿದ್ದೇವೆ, ಕದ್ದಿಲ್ಲ. ಅದನ್ನು ಅವರ ಮುಖದೆದುರೇ ಹೇಳಿದೆ. "ಹೌದು" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅವ್ರು ಬೈದಿದ್ದು ಮರೆತೋಯ್ತು. ನೀವು ತಲೆ ತಗ್ಗಿಸಿದ್ರಲ್ಲ, ಅದು ಮರೆಯೋಕಾಗ್ತಿಲ್ಲ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ನಾನು ಆ ದಿನ ಏನು ಮಾಡಬಹುದಿತ್ತು? ಹೆಚ್ಚೇನೂ ಬೇಡ. ಸ್ಟೂಲಿನ ಪಕ್ಕ ಹೋಗಿ ನಿಂತು, "ಫೋಟೋ ಬೇಡಪ್ಪ. ಮ್ಯಾನೇಜರನ್ನ ಕರಿ, ದೂರು ಕೊಡೋದಿದ್ರೆ ಕೊಡಿ, ಅಲ್ಲೀವರೆಗೂ ನಾನಿಲ್ಲೇ ಇರ್ತೀನಿ" ಎನ್ನಬಹುದಿತ್ತು. ಅದರಿಂದ ಕಳ್ಳತನವನ್ನು ಮುಚ್ಚಿಹಾಕಿದಂತೆ ಆಗುತ್ತಿರಲಿಲ್ಲ. ಅಂಗಡಿಯವರಿಗೆ ಅವರ ದುಡ್ಡು, ಕಾನೂನಿಗೆ ಅದರ ಕೆಲಸ, ಹೆಂಗಸಿಗೆ ಅವಳ ಸೆರಗು ಮೂರೂ ಉಳಿಯುತ್ತಿದ್ದವು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ಇನ್ನೊಂದು ಗಾದೆಯೂ ನಮ್ಮಲ್ಲಿದೆ. ಅದನ್ನು ಕದಿಯುವವರಿಗೆ ಮಾತ್ರ ಹೇಳಿದ್ದೆಂದು ಇಷ್ಟು ದಿನ ತಿಳಿದಿದ್ದೆ. ಕಾನೂನು ಅಡಿಕೆಯ ತಪ್ಪಿಗೆ ಅಡಿಕೆಯಷ್ಟೇ ಶಿಕ್ಷೆ ಬರೆದಿಟ್ಟಿದೆ. ಆನೆಯಷ್ಟು ಶಿಕ್ಷೆ ಕೊಡುತ್ತಿರುವವರು ನಾವು.

ಅವರು ಭಜನೆಗೆ ಮತ್ತೆ ಬರುತ್ತಿದ್ದಾರೆಯೇ ಎಂದು ಕೇಳಿದರೆ, ಇನ್ನೂ ಇಲ್ಲ. ಕೋಡುಬಳೆ ಡಬ್ಬಿ ಮಾತ್ರ ಮಗಳ ಕೈಲಿ ತೊಳೆದು ಕಳಿಸಿದ್ದರು. ಬರಿದು ಡಬ್ಬಿ ಕಳಿಸಬಾರದೆಂದು ಅದರೊಳಗೆ ಒಂದು ಹಿಡಿ ಸಕ್ಕರೆ ಹಾಕಿದ್ದರು. ಮುಂದಿನ ಶುಕ್ರವಾರ ಮತ್ತೆ ಹೋಗಿ ಕರೆಯಬೇಕೆಂದಿದ್ದೇನೆ. ನನ್ನ ಜಾಗದಲ್ಲಿ ನೀವಿದ್ದಿದ್ದರೆ ಆ ಸಾಲಿನಲ್ಲಿ ಏನು ಮಾಡುತ್ತಿದ್ದಿರಿ, ಸೋದರಿಯರೇ?