ಸಾಥ್ ಕೊಡುವವರಿಗೊಂದು ಹೆಸರು

ರಷ್ಯನ್ ಭಾಷೆಯಲ್ಲಿ ‘ಕಂತ್ಸರ್ತ್‌ಮೇಯ್ಸ್ತರ್’ ಎಂಬ ಶಬ್ದವಿದೆ. ಹಾಡುವವರ ಜೊತೆ ಕೂತು ಪಿಯಾನೊ ನುಡಿಸುವವರನ್ನು ಅಲ್ಲಿ ಹೀಗೆ ಕರೆಯುತ್ತಾರೆ. ನುಡಿಸುವುದಷ್ಟೇ ಅವರ ಕೆಲಸವಲ್ಲ. ಹಾಡುವವರಿಗೆ ಹಾಡನ್ನು ರೂಢಿ ಮಾಡಿಸುವುದು, ತಪ್ಪಿದಲ್ಲಿ ತಿದ್ದುವುದು, ಬ್ಯಾಲೆ ಕಲಿಯುವ ಮಕ್ಕಳ ಹೆಜ್ಜೆಗೆ ನುಡಿಸುವುದು ಎಲ್ಲವೂ ಅವರ ಪಾಲಿನದೇ. ಅಲ್ಲಿನ ಸಂಗೀತ ವಿದ್ಯಾಲಯಗಳಲ್ಲಿ ಇದೇ ಒಂದು ಪ್ರತ್ಯೇಕ ಪಾಠ.

ಇದನ್ನು ಇಂಗ್ಲಿಷಿಗೆ ತರುವವರು ಪೇಚಿಗೆ ಸಿಲುಕುತ್ತಾರೆ. ಶಬ್ದದ ಮೂಲ ಜರ್ಮನ್. ಆದರೆ ಇಂಗ್ಲಿಷಿನ ‘ಕನ್ಸರ್ಟ್ ಮಾಸ್ಟರ್’ ಎಂದರೆ ವಾದ್ಯವೃಂದದ ಮೊದಲ ಪಿಟೀಲುಗಾರ. ‘ಅಕಂಪನಿಸ್ಟ್’ ಎಂದರೆ ಕಲಿಸುವ ಕೆಲಸ ಬಿಟ್ಟುಹೋಗುತ್ತದೆ, ಗೌರವವೂ ಒಂದು ಮೆಟ್ಟಿಲು ಇಳಿಯುತ್ತದೆ. ಜೆರಾಲ್ಡ್ ಮೂರ್ ಎಂಬ ಇಂಗ್ಲಿಷ್ ಪಿಯಾನೊ ವಾದಕರು ಬದುಕಿನುದ್ದಕ್ಕೂ ದೊಡ್ಡ ದೊಡ್ಡ ಹಾಡುಗಾರರಿಗೆ ಜೊತೆಯಾದವರು. 1962ರಲ್ಲಿ ಅವರು ತಮ್ಮ ಆತ್ಮಕಥೆಗೆ ‘ನನ್ನ ಸದ್ದು ಹೆಚ್ಚಾಯಿತೇ?’ ಎಂಬ ಅರ್ಥದ ಹೆಸರಿಟ್ಟರು. ಪಕ್ಕದಲ್ಲಿ ಕೂತವರ ಪಾಡೆಲ್ಲ ಆ ಒಂದು ಪ್ರಶ್ನೆಯಲ್ಲಿದೆ.

ಉರ್ದು ಶಾಲೆ, ಕನ್ನಡ ಶಾಲೆ ಎರಡರ ಬೆಂಚಿನ ಮೇಲೂ ಕೂತು ಬಂದ ನಾವು ಈ ಶಬ್ದಕ್ಕೆ ನಮ್ಮ ಎರಡೂ ಜೋಳಿಗೆಗಳಲ್ಲಿ ಕೈ ಹಾಕಿ ನೋಡಿದೆವು. ಕನ್ನಡದಲ್ಲಿ ‘ಪಕ್ಕವಾದ್ಯ’ ಸಿಕ್ಕಿತು, ‘ಹಿಮ್ಮೇಳ’ ಸಿಕ್ಕಿತು. ಒಂದು ಶಬ್ದ ಮನುಷ್ಯನನ್ನು ಪಕ್ಕದಲ್ಲಿ ಕೂಡಿಸುತ್ತದೆ, ಇನ್ನೊಂದು ಹಿಂದೆ ನಿಲ್ಲಿಸುತ್ತದೆ. ಉರ್ದುವಿನಲ್ಲಿ ‘ಸಾಜಿಂದಾ’ ಎಂಬುದಿದೆ. ವಾದ್ಯ ನುಡಿಸುವವನು ಎಂಬುದು ಅದರ ನೇರ ಅರ್ಥ. ಆದರೆ ತವಾಯಫರ ಮನೆಗಳಲ್ಲಿ ಸಾರಂಗಿ, ತಬಲಾ ನುಡಿಸಿದವರ ಮೇಲೆ ಸಮಾಜ ಹೊರಿಸಿದ ತಿರಸ್ಕಾರದ ಕೊಳೆ ಆ ಶಬ್ದಕ್ಕೂ ಅಂಟಿದೆ. ಉರುಸಿನ ಕವ್ವಾಲಿಯ ಕರಪತ್ರದಲ್ಲಿ ಮುಖ್ಯ ಕವ್ವಾಲರ ಹೆಸರಿನ ಮುಂದೆ ‘ವ ಹಮ್‌ನವಾ’ ಎಂದಿರುತ್ತದೆ. ಹಮ್‌ನವಾ ಎಂದರೆ ಒಂದೇ ದನಿಯವರು. ಎಷ್ಟು ಚೆಂದದ ಶಬ್ದ! ಆದರೆ ಆ ಒಂದೇ ದನಿಯವರ ಹೆಸರುಗಳು ಮಾತ್ರ ಕರಪತ್ರದಲ್ಲಿ ಇರುವುದಿಲ್ಲ.

ಕೊನೆಗೆ ರಷ್ಯನ್ ಶಬ್ದಕ್ಕೆ ಜೋಡಿ ಸಿಕ್ಕಿದ್ದು ಯಾವ ನಿಘಂಟಿನಲ್ಲೂ ಅಲ್ಲ, ನಮ್ಮೂರ ಕಡೆಯ ಬಾಯಿಮಾತಿನಲ್ಲಿ: ಪೇಟಿ ಮಾಸ್ತರ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಬಯಲಾಟವೋ ಸಾಮಾಜಿಕ ನಾಟಕವೋ ಆಗಲೇಬೇಕು. ಸುಗ್ಗಿ ಮುಗಿಸಿದ ಹುಡುಗರು ಮಾಸ್ತರರನ್ನು ಊರಿಗೆ ಕರೆಸುತ್ತಾರೆ. ಅವರಿಗೆ ಯಾರದೋ ಮನೆಯಲ್ಲಿ ರೊಟ್ಟಿ, ಗುಡಿಯ ಕಟ್ಟೆಯ ಮೇಲೋ ಶಾಲೆಯ ಪಡಸಾಲೆಯಲ್ಲೋ ತಾಲೀಮು. ಹಗಲು ಎತ್ತು ಹೂಡಿದವನಿಗೆ ರಾತ್ರಿ ರಾಜನ ಮಾತು ಕಲಿಸುವವರು ಅವರೇ. ಶ್ರುತಿ ಹಿಡಿಯದವನಿಗೆ ಪಟ್ಟಿಯನ್ನು ಒಂದು ಮನೆ ಇಳಿಸಿ ಹಾಡಿಸುವವರೂ ಅವರೇ. ಆಟದ ರಾತ್ರಿ ಮಾತು ಮರೆತು ನಿಂತವನಿಗೆ ಪೇಟಿಯ ಮರೆಯಿಂದಲೇ ಮೊದಲ ಶಬ್ದ ಎತ್ತಿಕೊಡುತ್ತಾರೆ. ಅವರಲ್ಲಿ ಲಿಂಗಾಯತರಿದ್ದಾರೆ, ದಲಿತರಿದ್ದಾರೆ, ನಮ್ಮವರೂ ಇದ್ದಾರೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳ ಕೈಗೆ ಪೇಟಿ, ತಬಲಾ ಕೊಟ್ಟು ಅನ್ನದ ದಾರಿ ತೋರಿದರು.

ಶಬ್ದದ ಬೇರು ನೋಡಿದರೂ ಇದೇ ಸರಿ. ಜರ್ಮನಿನ ‘ಮೈಸ್ಟರ್’, ಇಂಗ್ಲಿಷಿನ ‘ಮಾಸ್ಟರ್’, ನಮ್ಮ ‘ಮಾಸ್ತರ’ ಎಲ್ಲವೂ ಗುರು ಎಂಬ ಅರ್ಥದ ಒಂದೇ ಲ್ಯಾಟಿನ್ ಶಬ್ದದ ಮಕ್ಕಳು. ಪೋರ್ಚುಗೀಸರ ಬಾಯಿಂದ ಬಂದ ‘ಮೇಸ್ತ್ರಿ’ ಕೂಡ ಅದೇ ಮನೆತನದ್ದು. ಇಂಗ್ಲಿಷ್ ಕಳೆದುಕೊಂಡ ಗೌರವವನ್ನು ಕುಷ್ಟಗಿಯ ರೈತ ಸಲೀಸಾಗಿ ಉಳಿಸಿಕೊಂಡಿದ್ದಾನೆ.

ಆದರೆ ಕರೆಯುವ ಬಾಯಲ್ಲಿ ಉಳಿದ ಗೌರವ ಕಾಗದದ ಮೇಲೆ ಉಳಿದಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. ಭಾರತದ ಸಂಗೀತದ ಸೂಕ್ಷ್ಮ ಸ್ವರಗಳು, ಮೀಂಡು ಅದರಲ್ಲಿ ಬರುವುದಿಲ್ಲ ಎಂಬುದು ಆಕ್ಷೇಪ. ಅದು ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷ ಹಳ್ಳಿಯ ರಾತ್ರಿಗಳನ್ನು ಬೆಳಗಿದ ಪೇಟಿಗೆ ರೇಡಿಯೋದಲ್ಲಿ ಜಾಗವಿರಲಿಲ್ಲ. ನಮಗೆ ಬಲ್ಲ ಒಬ್ಬ ಮುದುಕ ಮಾಸ್ತರರು ಮಾಸಾಶನದ ಅರ್ಜಿ ಹಿಡಿದು ಒಂದು ಕಚೇರಿಗೆ ಹೋಗಿದ್ದರು. ಅಲ್ಲಿ ಕೇಳಿದ ಪ್ರಶ್ನೆ: “ನೀವು ಯಾವ ಪಾರ್ಟು ಮಾಡಿದ್ದೀರಿ?” ನೂರಾರು ಜನರಿಗೆ ಪಾರ್ಟು ಕಲಿಸಿದವರ ಬಳಿ ತಮ್ಮದೆನ್ನಲು ಒಂದೂ ಪಾರ್ಟು ಇರಲಿಲ್ಲ. ಬಣ್ಣ ಹಚ್ಚಿದ ಫೋಟೋವೂ ಇರಲಿಲ್ಲ.

ಈಗ ಕೆಲವು ಊರುಗಳಲ್ಲಿ ಪೆನ್‌ಡ್ರೈವಿನ ಟ್ರ್ಯಾಕು ಬಂದಿದೆ. ಅದು ರೊಟ್ಟಿ ಕೇಳುವುದಿಲ್ಲ, ಖರ್ಚು ಕಡಿಮೆ. ಆದರೆ ಹಾಡುವವನು ತಾಳ ತಪ್ಪಿದರೆ ಅದು ನಿಲ್ಲುವುದೂ ಇಲ್ಲ. ಮಾಸ್ತರರಾದರೆ ಒಂದು ಆವರ್ತ ಹೆಚ್ಚಿಗೆ ನುಡಿಸುತ್ತ ಕಾಯುತ್ತಾರೆ. ತಪ್ಪಿದವನಿಗಾಗಿ ಕಾಯುವುದು ಈ ಕಸುಬಿನ ಹೃದಯ. ಬೇರೆ ಬೇರೆಯವರು ಒಂದೇ ಊರಲ್ಲಿ ಬಾಳುವುದಕ್ಕೂ ಬೇಕಾದ ಗುಣ ಇದೇ ಎಂದು ನಾವು ನಂಬುತ್ತೇವೆ. ಮೊಹರಮ್ಮಿನ ರಿವಾಯತ್ ಹಾಡಿಗೆ ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಹಿಮ್ಮೇಳ ಸಿಗುವುದು ಈ ಗುಣದಿಂದಲೇ.

ಮುಂದಿನ ಜಾತ್ರೆಗೆ ಕರಪತ್ರ ಅಚ್ಚು ಹಾಕಿಸುವ ಗೆಳೆಯರಲ್ಲಿ ನಮ್ಮದೊಂದು ಕೇಳಿಕೆ. ದಾನಿಗಳ ಫೋಟೋಗಳ ನಡುವೆ ಎರಡು ಸಾಲು ಜಾಗ ಬಿಡಿ. ಪೇಟಿ ಯಾರದು, ತಬಲಾ ಯಾರದು ಎಂದು ಊರು ಸಮೇತ ಪೂರ್ತಿ ಹೆಸರು ಬರೆಯಿರಿ. ನಾಳೆ ಅವರು ಯಾವುದೋ ಕಚೇರಿಯ ಮೇಜಿನ ಮುಂದೆ ನಿಂತಾಗ ತೋರಿಸಲು ಆ ಕಾಗದವಾದರೂ ಇರಲಿ.